ಮಾವೋ ಇಬ್ಬರಲ್ಲ, ಒಬ್ಬರೇ

ದಕ್ಷಿಣ ಕನ್ನಡದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆಧುನಿಕ ಚೀನಾದ ಪೇಪರು ನನ್ನ ತಲೆಗೆ ಬಂದ ಮೊದಲ ವರ್ಷ ಒಂದು ಉತ್ತರ ನೋಡಿ ಪೆನ್ನು ಕೆಳಗಿಟ್ಟೆ. '1949ರ ಅಕ್ಟೋಬರ್ 1ರಂದು ಮಾವೋ ತ್ಸೆ ತುಂಗ್ ಮತ್ತು ಮಾವೋ ಜೆಡಾಂಗ್ ಸೇರಿ ಗಣರಾಜ್ಯ ಸ್ಥಾಪಿಸಿದರು' ಅಂತ ಬರೆದಿದ್ದ. ಮೊದಲು ನಗು ಬಂತು, ಆಮೇಲೆ ನಾಚಿಕೆ. ಹಳೇ ಪುಸ್ತಕ ನೋಡಿ ಬರೆಸಿದ ನೋಟ್ಸು, ಹೊಸ ಪುಸ್ತಕದ ಜೆರಾಕ್ಸು, ಎರಡನ್ನೂ ಕೊಟ್ಟವನು ನಾನೇ ಅಲ್ವಾ.

ಹಳೇ ಇಂಗ್ಲಿಷ್ ಪುಸ್ತಕಗಳ ಕಾಗುಣಿತವೇ ಬೇರೆ. 1958ರಲ್ಲಿ ಚೀನಾ ಸರ್ಕಾರ ಪಿನ್‌ಯಿನ್ ಅನ್ನುವ, ಚೀನೀ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಹೊಸ ಪದ್ಧತಿ ತಂದಿತು. ನಾವು ಎರಡನ್ನೂ ಇಂಗ್ಲಿಷಿನಂತೆ ಓದಿ ಕನ್ನಡಕ್ಕೆ ಇಳಿಸುತ್ತೇವೆ, ಹಾಗಾಗಿ ಕೊನೆಯ ರಾಜವಂಶ 'ಕ್ವಿಂಗ್' ಆಗಿ ಕೂತಿದೆ. ಅದು ಛಿಂಗ್.

ಚೀನಾದ ಮ್ಯಾಂಡರಿನ್ ಭಾಷೆಯ ಉಚ್ಚಾರ ಕಲಿಯಲು ರಾತ್ರಿ ಆಡಿಯೋ ಕೇಳುತ್ತಾ ಕೂತಾಗ ಒಂದು ಸಂಗತಿ ಹೊಳೆಯಿತು. ಅವರಲ್ಲಿ ಪ-ಬ ಭೇದ ಇಲ್ಲ, ಇರುವುದು ಅಲ್ಪಪ್ರಾಣ-ಮಹಾಪ್ರಾಣದ ಭೇದ. ಬೀಜಿಂಗ್‌ನ 'ಬ' ನಿಜವಾಗಿ ನಮ್ಮ 'ಪ', ತೈವಾನ್‌ನ 'ತ' ನಮ್ಮ 'ಥ'. ಇಂಗ್ಲಿಷಿನವರಿಗೆ ಇದಕ್ಕೆ ಬೇರೆ ಅಕ್ಷರವೇ ಇಲ್ಲ, ನಮ್ಮ ವರ್ಣಮಾಲೆಯಲ್ಲಿ ತಯಾರಾಗಿ ಕೂತಿದೆ. ಹಾಗೆ ನೋಡಿದರೆ ಹಿಂದಿನವರು ಬರೆಯುತ್ತಿದ್ದ 'ತುಂಗ್' ಈಗಿನ 'ಡಾಂಗ್'ಗಿಂತ ಮೂಲಕ್ಕೆ ಹತ್ತಿರ! (ಮಾತಾಡುವಾಗ ನಾವು ಮಹಾಪ್ರಾಣ ನುಂಗುತ್ತೇವೆ, ಅದು ಬೇರೆ ಮಾತು.) ಪರೀಕ್ಷೆಗೆ ಮಾತ್ರ ಬೀಜಿಂಗ್ ಅಂತಲೇ ಬರೆಯಿರಿ ಅಂತ ಹೇಳಿದೆ, ಮೌಲ್ಯಮಾಪಕರ ಜೊತೆ ಜಗಳ ಬೇಡ.

ಮುಂದಿನ ವರ್ಷದಿಂದ ರಾಜವಂಶಗಳ ಪಟ್ಟಿ ಬಿಟ್ಟು ನಾಲ್ಕು ದಿಕ್ಕುಗಳಿಂದ ಪಾಠ ಶುರು ಮಾಡಿದೆ. ಬೇ ಉತ್ತರ, ನಾನ್ ದಕ್ಷಿಣ, ದೊಂಗ್ ಪೂರ್ವ, ಶಿ ಪಶ್ಚಿಮ. ಮೂಡಬಿದಿರೆ, ಪಡುಬಿದ್ರಿ, ತೆಂಕ ಮಿಜಾರು, ಬಡಗ ಮಿಜಾರು ಕೇಳಿ ಬೆಳೆದ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಜಿಂಗ್ ಅಂದರೆ ರಾಜಧಾನಿ ಅಂತ ಹೇಳಿದ್ದೇ ತಡ, ಬೀಜಿಂಗ್ ಬಡಗಿನದು, ನಾನ್‌ಜಿಂಗ್ ತೆಂಕಿನದು ಅಂತ ಅವರೇ ಕೂಗಿದರು. 1928ರಲ್ಲಿ ಕಮ್ಯುನಿಸ್ಟರ ಎದುರಾಳಿಗಳಾದ ಕುವೊಮಿನ್‌ಟಾಂಗ್ ಪಕ್ಷದವರು ರಾಜಧಾನಿಯನ್ನು ನಾನ್‌ಜಿಂಗ್‌ಗೆ ಒಯ್ದರು. ಬೀಜಿಂಗ್‌ನ ಹೆಸರನ್ನು ಬೇಪಿಂಗ್, ಅಂದರೆ 'ಉತ್ತರದ ಶಾಂತಿ' ಅಂತ ಬದಲಿಸಿದರು. ರಾಜಧಾನಿ ಅಲ್ಲದ ಊರಿಗೆ 'ಜಿಂಗ್' ಯಾಕೆ? 1949ರಲ್ಲಿ ಕಮ್ಯುನಿಸ್ಟರು ಗೆದ್ದ ಮೇಲೆ ಜಿಂಗ್ ವಾಪಸ್ಸು ಬಂತು. ಇಪ್ಪತ್ತೊಂದು ವರ್ಷದ ರಾಜಕೀಯವನ್ನು ಒಂದೇ ಊರಿನ ಹೆಸರಿನಲ್ಲಿ ಹೇಳಿ ಮುಗಿಸಿದೆ.

ಕ್ಯಾಂಟನ್‌ನಲ್ಲಿ ಮಾತ್ರ ನಾನೇ ಎಡವಿದೆ. ಬ್ರಿಟನ್ ಜೊತೆಗಿನ 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಐದು ಬಂದರುಗಳನ್ನು ನಕ್ಷೆಯಲ್ಲಿ ತೋರಿಸಲು ಹೊರಟೆ. ಗೋಡೆಯ ಹೊಸ ನಕ್ಷೆಯಲ್ಲಿ ಕ್ಯಾಂಟನ್ ಇರಲೇ ಇಲ್ಲ. ಬೆರಳು ಸುಮ್ನೆ ಕರಾವಳಿ ಉದ್ದಕ್ಕೂ ಓಡಾಡಿತು. ಅದು ಗ್ವಾಂಗ್‌ಝೌ ಅಂತ ಹಿಂದಿನ ಬೆಂಚಿನ ಹುಡುಗ ಮೊಬೈಲ್ ನೋಡಿ ಹೇಳಿದ.

ಕಳೆದ ವರ್ಷ ಒಬ್ಬಳು ಪೇಪರ್ ತುಂಡು ತಂದಳು. ಅರುಣಾಚಲದ ಊರುಗಳಿಗೆ ಚೀನಾ 2017ರಿಂದ ತನ್ನದೇ ಹೆಸರುಗಳ ಪಟ್ಟಿ ಹೊರಡಿಸುತ್ತಿದೆ, ಭಾರತ ಪ್ರತಿ ಸಲವೂ ತಿರಸ್ಕರಿಸುತ್ತಿದೆ. ಇಡೀ ಪ್ರದೇಶಕ್ಕೆ ಅವರು ಕರೆಯುವುದು ಝಾಂಗ್‌ನಾನ್.

"ಸರ್, ನಾನ್ ಅಂದ್ರೆ ತೆಂಕು. ಯಾವುದರ ತೆಂಕು?"

ಝಾಂಗ್ ಅಂದರೆ ಟಿಬೆಟ್ ಅಂದೆ. ಕ್ಲಾಸು ಒಂದು ಕ್ಷಣ ತಣ್ಣಗಾಯಿತು. ಅವತ್ತು ಬೇರೆ ಪಾಠ ಇತ್ತು. ಬಿಟ್ಟೆ, ಟಿಬೆಟ್ ಮತ್ತು ಬ್ರಿಟಿಷ್ ಭಾರತದ ನಡುವೆ ಗಡಿ ಎಳೆದ 1914ರ ಶಿಮ್ಲಾ ಸಮ್ಮೇಳನದ ನಕ್ಷೆ ತೆಗೆದೆ.