ಗೋಣಿಚೀಲದ ಮೇಲೆ ಕನ್ನಡ ಅಕ್ಷರ: ಮನೆಯ ಕಟಿಂಗ್ ಮಷಿನ್ ಜೊತೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಬ್ಲೇಡಿನಿಂದ ಹಾಳೆಯಲ್ಲಿ ಕತ್ತರಿಸುವ 12 ಇಂಚಿನ ಮನೆ ಮಷಿನ್‌ನಲ್ಲಿ ಕನ್ನಡ ಅಕ್ಷರ ನೀಟಾಗಿ ಕತ್ತರಿಸಬಹುದು. ಒತ್ತಕ್ಷರವೂ ಬರುತ್ತದೆ. ಸ್ಟಿಕರ್ ಅಷ್ಟೇ ಅಲ್ಲ, ಗಟ್ಟಿ ಸ್ಟೆನ್ಸಿಲ್ (ಅಕ್ಷರದ ಆಕಾರದಲ್ಲಿ ತೂತು ಕೊರೆದ ಹಾಳೆ) ಕೂಡ ಆಗುತ್ತದೆ, ಅದನ್ನಿಟ್ಟು ಕಾಫಿ ಚೀಲದ ಮೇಲೆ ತೋಟದ ಹೆಸರು ಹೊಡೆಯಬಹುದು. ಚಿಕ್ಕಮಗಳೂರಲ್ಲಿ ನಾನು ಕೇಳಿದವರೆಲ್ಲ ಆಗಲ್ಲ ಅಂದಿದ್ದರು. ರೇಡಿಯಂ ಅಂಗಡಿಯ ಹುಡುಗನಂತೂ, "ಅಕ್ಕಾ, ಅದು ಇಂಗ್ಲಿಷಿಗೆ ಮಾಡಿರೋ ಮಷಿನ್ನು. ‘ಲಕ್ಷ್ಮೀ’ ಅಂತ ಹಾಕಿ ನೋಡಿ, ಚಿಂದಿ ಮಾಡುತ್ತೆ" ಅಂದ. ಹಾಕಿ ನೋಡಿದೆ. ಚಿಂದಿ ಮಾಡಿತು. ಆದರೆ ಅದು ಶುರುವಿನ ಮಾತು.

ಮಷಿನ್‌ಗೆ ಸುಮಾರು 32,000 ರೂಪಾಯಿ ಬಿತ್ತು. ಜೊತೆಗೆ ಮ್ಯಾಟು (ಹಾಳೆಯನ್ನು ಹಿಡಿದಿಡುವ ಅಂಟಿನ ಹಾಸು), ಬ್ಲೇಡು, ವಿನೈಲ್ (ಸ್ಟಿಕರ್ ಪ್ಲಾಸ್ಟಿಕ್) ರೋಲು, ಅದು ಇದು ಅಂತ ಸೇರಿ 40,000ದ ಹತ್ತಿರ ಹೋಯಿತು. "ಈ ದುಡ್ಡಿಗೆ ಒಳ್ಳೇ ವೀಡ್ ಕಟರ್ ಬರ್ತಿತ್ತು" ಅಂತ ನಮ್ಮ ಮನೆಯವರು ಇವತ್ತಿಗೂ ಆಗಾಗ ನೆನಪಿಸುತ್ತಾರೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಕೇಕ್ ಟಾಪರ್ (ಕೇಕ್ ಮೇಲೆ ಚುಚ್ಚುವ ಅಲಂಕಾರ), ಹುಟ್ಟುಹಬ್ಬದ ತೋರಣ, ನೀರಿನ ಬಾಟಲಿಗೆ ಮಕ್ಕಳ ಹೆಸರು. ಬೇಕರಿಯವರು ಒಂದು ಟಾಪರ್‌ಗೆ 60 ರೂಪಾಯಿ ಕೊಡುತ್ತಿದ್ದರು. ಗ್ಲಿಟರ್ ಹಾಳೆಗೇ 30–35. ಗ್ಲಿಟರ್ ಬ್ಲೇಡನ್ನು ಎಷ್ಟು ಬೇಗ ತಿಂದುಹಾಕುತ್ತದೆ ಅಂತ ಕತ್ತರಿಸಿದವರಿಗೆ ಗೊತ್ತು. ಬ್ಲೇಡಿನ ಖರ್ಚು ಹಾಕಿ ಲೆಕ್ಕ ನೋಡಿದರೆ ಒಂದಕ್ಕೆ ಹತ್ತು ರೂಪಾಯಿಯೂ ಉಳಿಯುತ್ತಿರಲಿಲ್ಲ. ಅದೇ ಟಾಪರ್ ಆನ್‌ಲೈನ್‌ನಲ್ಲಿ ಕಟ್ಟುಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಎಲ್ಲಿಂದಲೋ ಬರುವ ಮಾಲಿನ ಜೊತೆ ನಾವು ಯಾಕೆ ಗುದ್ದಾಡಬೇಕು? ಹೊರಗಿನವರು ಮಾಡದ್ದನ್ನು ಮಾಡಬೇಕು ಅಂತ ಕನ್ನಡಕ್ಕೆ ಕೈ ಹಾಕಿದೆ.

ಮಷಿನ್ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಯುನಿಕೋಡ್ ಕನ್ನಡ, ಅಂದರೆ ಮೊಬೈಲಿನಲ್ಲಿ ಬಳಸುವ ಕನ್ನಡ, ಟೈಪ್ ಮಾಡಿದರೆ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತಿತ್ತು. ಸರಿ ಅಂತ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟ್ ಹಾಕಿದೆ. ಅದರಲ್ಲಿ ಅಕ್ಷರದ ಒಡಲು ಬೇರೆ, ತಲಕಟ್ಟು ಬೇರೆ, ಒತ್ತು ಬೇರೆ ತುಂಡು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡಿದವರಿಗೆ ಇದು ಗೊತ್ತಿರುವ ವಿಷಯ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಪ್ರಿಂಟಿಗೂ ಸರಿ. ಬ್ಲೇಡ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ಬೇರೆ ಬೇರೆಯಾಗಿ ಸುತ್ತುತ್ತದೆ. ತಲಕಟ್ಟು ಒಡಲಿನ ಮೇಲೆ ಹತ್ತಿ ಕೂತ ಕಡೆಯೆಲ್ಲ ಅಡ್ಡ ಕೊಯ್ಯುತ್ತದೆ. ವಿನೈಲ್ ಎಬ್ಬಿಸಿದಾಗ ತಲಕಟ್ಟೊಂದು ಕೈಗೆ ಬಂತು, ಒಡಲು ಹಿಂದಿನ ಕಾಗದದ ಮೇಲೇ ಉಳಿಯಿತು.

ದಾರಿ ಸಿಕ್ಕಿದ್ದು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ. ಪುಕ್ಕಟೆ ಸಿಗುತ್ತದೆ, ಯುನಿಕೋಡ್ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ. ಅಲ್ಲಿ ಟೈಪ್ ಮಾಡಿ ಆಬ್ಜೆಕ್ಟ್ ಟು ಪಾತ್ (ಅಕ್ಷರವನ್ನು ಗೆರೆಯ ಆಕಾರ ಮಾಡುವುದು) ಕೊಡಿ, ಅನ್‌ಗ್ರೂಪ್ ಮಾಡಿ ತುಂಡುಗಳನ್ನು ಬಿಡಿಸಿ, ಆಮೇಲೆ ಅವನ್ನು ಬೆಸೆದು ಒಂದೇ ಆಕಾರ ಮಾಡುವ ಯೂನಿಯನ್. ಕಂಬೈನ್ ಅಲ್ಲ, ಯೂನಿಯನ್. ಕಂಬೈನ್ ಕೊಟ್ಟರೆ ಒಂದರ ಮೇಲೊಂದು ಬಂದ ಜಾಗ ತೂತಾಗಿ ಬರುತ್ತದೆ. ಆಮೇಲೆ ಒಂದು ಸಲ, ಒಂದೇ ಸಲ, ಗೆರೆಯ ಮೇಲಿನ ಬಿಂದುಗಳನ್ನು ಕಮ್ಮಿ ಮಾಡುವ ಸಿಂಪ್ಲಿಫೈ. ಬಿಂದುಗಳು ಜಾಸ್ತಿ ಇದ್ದರೆ ಬ್ಲೇಡ್ ತಿರುವಿನಲ್ಲಿ ತಡವರಿಸಿ ಅಂಚು ಗರಗಸದ ಥರ ಆಗುತ್ತದೆ. ಎರಡು ಮೂರು ಸಲ ಕೊಟ್ಟರೆ ಅಕ್ಷರದ ಆಕಾರವೇ ಕೆಡುತ್ತದೆ. ಕೊನೆಗೆ ಔಟ್‌ಸೆಟ್ ಕೊಟ್ಟು ಗೆರೆಯನ್ನು ಕೂದಲೆಳೆಯಷ್ಟು ದಪ್ಪ ಮಾಡುತ್ತೇನೆ. ಒತ್ತಕ್ಷರವನ್ನು ಮೂಲ ಜಾಗದಿಂದ ಸ್ವಲ್ಪ ಕೆಳಗೆ ಇಳಿಸುತ್ತೇನೆ. ಎಷ್ಟು ಇಳಿಸುತ್ತೇನೆ, ಯಾವ ಒತ್ತನ್ನು ಎಷ್ಟು ಚಿಕ್ಕದು ಮಾಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ವಿನೈಲ್ ಬಲಿ ಕೊಟ್ಟಿದ್ದೇನೆ.

ಸ್ಟಿಕರ್‌ಗೆ ಬಾಲೂ ತಮ್ಮ ಒಳ್ಳೆಯ ಫಾಂಟ್. ದುಂಡಗೆ, ದಪ್ಪಗೆ ಇದೆ, ಮೂಲೆ ಏಳುವುದಿಲ್ಲ. ಸ್ಟೆನ್ಸಿಲ್‌ಗೆ ಅದು ಬೇಡ, ಒಳಗಿನ ಜಾಗ ಕಮ್ಮಿ. ನೋಟೋ ಸಾನ್ಸ್ ಕನ್ನಡ ಮಧ್ಯಮ ದಪ್ಪದ್ದು ಸಾಕು. ವಿನೈಲ್‌ನಲ್ಲಿ ಅಕ್ಷರದ ಒಡಲು 8 ಮಿಲಿಮೀಟರ್‌ವರೆಗೆ ಧೈರ್ಯವಾಗಿ ಹೋಗಬಹುದು. 6ಕ್ಕೂ ಇಳಿದಿದ್ದೇನೆ. ಆದರೆ ಅಷ್ಟು ಸಣ್ಣದರಲ್ಲಿ ಬೇಡದ ತುಂಡು ಕೀಳುತ್ತಾ ಕೂತರೆ ಕಣ್ಣು ಹೋಗುತ್ತದೆ.

ಕಾಫಿಪುಡಿ ಡಬ್ಬಿಗೆ ‘ಫಿಲ್ಟರ್ ಕಾಫಿ’, ‘ಚಿಕೋರಿ ಇಲ್ಲ’, ‘ಪೀಬೆರಿ’ (ಹಣ್ಣಿನಲ್ಲಿ ಒಂದೇ ದುಂಡು ಬೀಜ ಇರುವ ಕಾಫಿ) ಅಂತ ಸ್ಟಿಕರ್ ಮಾಡಿಕೊಟ್ಟೆ. ಒಂದಕ್ಕೆ 12 ರೂಪಾಯಿ. ನೂರು ಬೇಕು ಅಂದವರಿಗೆ 9ಕ್ಕೆ ಇಳಿಸಿದೆ. ಪರವಾಗಿಲ್ಲ, ಆದರೆ ಇದರಲ್ಲಿ ಮಷಿನ್ ಸಾಲ ತೀರಲ್ಲ ಅಂತ ಗೊತ್ತಾಯಿತು.

ದುಡ್ಡು ಬಂದಿದ್ದು ಚೀಲದಿಂದ. ಆಲ್ದೂರು ಕಡೆಯ ಕಾಫಿ ಬೆಳೆಗಾರ ಗೌಡರೊಬ್ಬರು ಡಬ್ಬಿ ಸ್ಟಿಕರ್ ನೋಡಿ, "ಏನಮ್ಮಾ, ಗೋಣಿಚೀಲದ ಮೇಲೆ ಇಷ್ಟು ಚಂದ ಬರುತ್ತಾ?" ಅಂದರು. ಕಾಫಿ ಚೀಲಗಳು ಲಾರಿಯಲ್ಲಿ, ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ಅಂಗಳದಲ್ಲಿ ಬೇರೆ ತೋಟದ ಚೀಲದ ಜೊತೆ ಬೆರೆಯುತ್ತವೆ. ಇಳಿಸುವವರು ಓದುವುದು ಕನ್ನಡ. ಗೌಡರ ಮನೆಯಲ್ಲಿ ಕುಂಚದಲ್ಲಿ ಬರೆಯುತ್ತಿದ್ದರು, ಬರೆದವರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಬರುತ್ತೆ ಅಂದುಬಿಟ್ಟೆ. ಆಗ ನನ್ನ ಹತ್ತಿರ ಸ್ಟೆನ್ಸಿಲ್ ಹಾಳೆಯೂ ಇರಲಿಲ್ಲ.

ಮೊದಲು ಒಎಚ್‌ಪಿ ಶೀಟ್, ಅಂದರೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಸುಲಭವಾಗಿ ಕತ್ತರಿಸುತ್ತದೆ. ಆದರೆ ಹತ್ತು ಚೀಲ ಹೊಡೆಯುವಷ್ಟರಲ್ಲಿ ಬ್ರಿಡ್ಜ್‌ಗಳು (ಅಕ್ಷರದ ಒಳಗಿನ ತುಂಡನ್ನು ಹೊರಗಿನ ಹಾಳೆಗೆ ಹಿಡಿದಿಡುವ ಸಣ್ಣ ಪಟ್ಟಿಗಳು) ಮಡಿಸಿಕೊಂಡು ಹರಿದವು. ಅಂಗಡಿಯ ಮೈಲಾರ್ (ಗಟ್ಟಿ ಪಾಲಿಯೆಸ್ಟರ್) ಹಾಳೆ ಚೆನ್ನಾಗಿದೆ, ದುಬಾರಿ. ಆಮೇಲೆ ಬೀರುವಿನಲ್ಲಿದ್ದ ಹಳೆ ಎಕ್ಸ್‌ರೇ ಫಿಲ್ಮ್ ನೆನಪಾಯಿತು. ಅದಕ್ಕಿಂತ ಒಳ್ಳೆಯ ಸ್ಟೆನ್ಸಿಲ್ ಹಾಳೆ ನನಗೆ ಇನ್ನೂ ಸಿಕ್ಕಿಲ್ಲ. ಹಳೆ ಫಿಲ್ಮನ್ನು ಬ್ಲೀಚ್ ನೀರಿನಲ್ಲಿ ನೆನೆಸಿಟ್ಟರೆ ಕಪ್ಪು ಬಿಡುತ್ತದೆ, ನೀಲಿ ಹಾಳೆ ಉಳಿಯುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಬಾಗಿಲು ತೆರೆದಿಡಿ. ತೊಳೆಯದೆಯೂ ಕತ್ತರಿಸಬಹುದು, ಆದರೆ ಗಿರಾಕಿಗೆ ಯಾರದ್ದೋ ಪಕ್ಕೆಲುಬು ಇರುವ ಸ್ಟೆನ್ಸಿಲ್ ಕೊಟ್ಟರೆ ಚೆನ್ನಾಗಿರಲ್ಲ, ಅಲ್ವಾ? ಮೂಲೆಯಲ್ಲಿ ರೋಗಿಯ ಹೆಸರು ಇದ್ದರೆ ಅದನ್ನು ಮೊದಲು ಕತ್ತರಿಸಿ ಬಿಸಾಕಿ.

ಮನೆ ಮಷಿನ್ ಎಕ್ಸ್‌ರೇ ಫಿಲ್ಮ್ ಕತ್ತರಿಸಲ್ಲ ಅನ್ನುವವರು ಒಂದೇ ಏಟಿಗೆ ಕತ್ತರಿಸಲು ಹೋಗಿರುತ್ತಾರೆ. ಒತ್ತಡ ಪೂರ್ತಿ ಕೊಟ್ಟರೆ ಫಿಲ್ಮ್ ಮ್ಯಾಟ್‌ನಿಂದ ಜಾರುತ್ತದೆ, ಅಲ್ಲಿಗೆ ಮುಗಿಯಿತು. ಒತ್ತಡ ಅರ್ಧಕ್ಕಿಂತ ಸ್ವಲ್ಪ ಮೇಲೆ, ವೇಗ ಆದಷ್ಟು ಕಮ್ಮಿ, ಮೂರು ಸುತ್ತು. 60 ಡಿಗ್ರಿ ಬ್ಲೇಡ್. ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್. ಮೊದಲ ಸುತ್ತಿನಲ್ಲಿ ಬರೀ ಗೀರು ಬೀಳುತ್ತದೆ. ಅದನ್ನು ನೋಡಿ ಹೆದರಿ ನಿಲ್ಲಿಸಬೇಡಿ. ಬ್ಲೇಡಿಗೆ ಸುಮಾರು 900 ರೂಪಾಯಿ, ಒಂದರಲ್ಲಿ 35–40 ಸ್ಟೆನ್ಸಿಲ್ ಬರುತ್ತದೆ.

ಇನ್ನು ಬ್ರಿಡ್ಜ್. ಇಂಗ್ಲಿಷ್ ಸ್ಟೆನ್ಸಿಲ್ ಫಾಂಟ್ ಬೇಕಾದಷ್ಟಿವೆ. ಕನ್ನಡಕ್ಕೆ ನಾನೇ ಕೂತು ಒಂದೊಂದಾಗಿ ಹಾಕಿದೆ. ರ ಅಕ್ಷರ ತಗೊಳ್ಳಿ. ಒಳಗಿನ ದುಂಡು ಉದುರಿಹೋಗುತ್ತದೆ. ಒಂದೇ ಬ್ರಿಡ್ಜ್ ಕೊಟ್ಟರೆ ದುಂಡು ನಿಲ್ಲುತ್ತದೆ, ಆದರೆ ಬಣ್ಣ ಒತ್ತುವಾಗ ಏಳುತ್ತದೆ, ಅಡಿಗೆ ಬಣ್ಣ ನುಗ್ಗುತ್ತದೆ. ಎರಡು ಬೇಕು, ತಲಾ 2 ಮಿಲಿಮೀಟರ್. ಒಂದನ್ನು ತಲಕಟ್ಟು ಒಡಲಿಗೆ ಸೇರುವ ಕಡೆ ಹಾಕಿ, ಅಲ್ಲಿ ಕಣ್ಣಿಗೆ ಹೊಡೆಯಲ್ಲ. ಇನ್ನೊಂದನ್ನು ಎಡಕ್ಕೆ ಕೆಳಗೆ. ಯಾವ ಅಕ್ಷರಕ್ಕೂ ಅಡಿಯ ನಡುಮಧ್ಯೆ ಹಾಕಬೇಡಿ. ಧ, ಢ, ಭ ಇವುಗಳ ಗೀಟು ಇರುವುದೇ ಅಲ್ಲಿ. ಗೋಣಿಯ ಒರಟು ನೇಯ್ಗೆಯ ಮೇಲೆ ಅದು ಗೀಟೋ ಬ್ರಿಡ್ಜೋ ಯಾರಿಗೂ ತಿಳಿಯಲ್ಲ.

ಅನುಸ್ವಾರ ನನ್ನನ್ನು ತುಂಬಾ ಕಾಡಿತು. ‘ಪಾರ್ಚ್‌ಮೆಂಟ್’ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಪದದಲ್ಲಿ ಅದೊಂದು ಸಣ್ಣ ಬಳೆ. ಎರಡು ಬ್ರಿಡ್ಜ್ ಹಾಕಿದರೆ ಎರಡು ಆವರಣ ಚಿಹ್ನೆ ಎದುರುಬದುರು ನಿಂತ ಹಾಗೆ ಕಾಣುತ್ತಿತ್ತು. ಕೊನೆಗೆ ಬಳೆಯನ್ನೇ ಬಿಟ್ಟೆ, ತುಂಬಿದ ಚುಕ್ಕೆ ಮಾಡಿದೆ. ಗೌಡರಿಗೆ ತೋರಿಸಿದೆ, ತೋಟದ ಲೆಕ್ಕ ಬರೆಯುವ ರೈಟರ್‌ಗೆ ತೋರಿಸಿದೆ. ಇಬ್ಬರೂ ಸಲೀಸಾಗಿ ಓದಿದರು. ಬದಲಾಗಿದ್ದು ಅವರ ಗಮನಕ್ಕೇ ಬರಲಿಲ್ಲ. ಈ ಒಂದು ಐಡಿಯಾ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರ. ಸೀಮೆಎಣ್ಣೆ, ಟರ್ಪೆಂಟೈನ್ ಬೆರೆಸುವ ಆಯಿಲ್ ಪೇಂಟ್ ಕಾಫಿ ಚೀಲಕ್ಕೆ ಬೇಡವೇ ಬೇಡ. ಕಾಫಿ ಬೀಜ ಪಕ್ಕದ ವಾಸನೆಯನ್ನು ಎಳೆದುಕೊಳ್ಳುತ್ತದೆ, ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಟ್ಟೆಗೆ ಸ್ಕ್ರೀನ್ ಪ್ರಿಂಟ್ ಮಾಡುವ ನೀರಿನ ಇಂಕ್ ತಂದೆ. ತೆಳ್ಳಗಿದ್ದರೆ ನೇಯ್ಗೆಯ ಸಂದಿಯಲ್ಲಿ ಹರಡುತ್ತದೆ. ಗಟ್ಟಿಯಾಗಿಯೇ ಇರಬೇಕು. ಕುಂಚ ಬೇಡ, ಹಾಸಿಗೆಯ ಫೋಮ್ ತುಂಡು ಸಾಕು. ಅದ್ದಿ, ಹಳೆ ಪೇಪರ್ ಮೇಲೆ ಒಂದೆರಡು ಸಲ ಒತ್ತಿ ತೆಗೆದು, ಆಮೇಲೆ ಚೀಲದ ಮೇಲೆ ನೇರ ಒತ್ತಬೇಕು, ಉಜ್ಜಬಾರದು. ಚೀಲ ಖಾಲಿ ಇದ್ದಾಗಲೇ ಹೊಡೆಯಿರಿ, ಒಳಗೊಂದು ಹಲಗೆ ಇಡಿ. ಅಕ್ಷರ ಎರಡು ಇಂಚಿಗಿಂತ ಸಣ್ಣದು ಮಾಡಬೇಡಿ, ಗೋಣಿ ಅದನ್ನು ನುಂಗುತ್ತದೆ.

ಗೌಡರ ಸ್ಟೆನ್ಸಿಲ್‌ನಲ್ಲಿ ಒಂದು ಕೊಯ್ಲು ಪೂರ್ತಿ, ಅವರು ಹೇಳುವ ಪ್ರಕಾರ ಮುನ್ನೂರು ಚೀಲದ ಮೇಲೆ, ಹೊಡೆದರು. ಒಂದು ಬ್ರಿಡ್ಜೂ ಹೋಗಿಲ್ಲ. ಆಮೇಲೆ ಅವರ ಭಾವ, ಅವರ ಪಕ್ಕದ ತೋಟದವರು, ಹೀಗೆ ಬಂದರು. ತೋಟದ ಹೆಸರು, ಅರೇಬಿಕಾ ಅಥವಾ ರೊಬಸ್ಟಾ, ಪಾರ್ಚ್‌ಮೆಂಟ್ ಅಥವಾ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು), ಎಲ್ಲ ಸೇರಿದ ಸೆಟ್‌ಗೆ 550 ತಗೊಳ್ಳುತ್ತೇನೆ. ನನಗೆ ಬೀಳುವ ಖರ್ಚು ಬ್ಲೇಡು, ಟೇಪು, ಕರೆಂಟು ಸೇರಿ 70–80. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸ ಇರುತ್ತದೆ. ಎರಡು ಕೊಯ್ಲಿನಲ್ಲಿ ಮಷಿನ್ ದುಡ್ಡು ಹುಟ್ಟಿತು.

ಮಳೆಗಾಲದ ಕಥೆ ಬೇರೆ. ಜೂನ್ ಬಂತೆಂದರೆ ನಮ್ಮಲ್ಲಿ ಕಾರ್ಡ್ ಪೇಪರ್ ತಣ್ಣಗಾದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಬ್ಲೇಡ್ ಕತ್ತರಿಸುವ ಬದಲು ನಾರು ಎಳೆಯುತ್ತದೆ. ಬ್ಲೇಡ್ ಬದಲಾಯಿಸಿ ಪ್ರಯೋಜನವಿಲ್ಲ, ಕಾಗದ ಒಣಗಬೇಕು. ಬಟ್ಟೆ ಬೀರುವಿಗೆ ಬೂಸ್ಟು ಬರದ ಹಾಗೆ ಬಲ್ಬ್ ಹಾಕಿಡುತ್ತೇವಲ್ಲ, ಅದೇ ಉಪಾಯ. ಒಂದು ಮರದ ಪೆಟ್ಟಿಗೆ, 40 ವ್ಯಾಟಿನ ಹಳೆ ಬಲ್ಬು, ಮೇಲೆ ಜಾಲರಿಯ ತಟ್ಟೆ. ಎಲ್‌ಇಡಿ ಹಾಕಬೇಡಿ, ಅದು ಬಿಸಿಯಾಗಲ್ಲ. ಹಾಳೆ ಬಲ್ಬಿಗೆ ತಾಗದಂತೆ ಒಂದಡಿ ದೂರ ಇರಲಿ. ರಾತ್ರಿ ಇಟ್ಟರೆ ಬೆಳಿಗ್ಗೆ ಗರಿಗರಿ. ತೆಗೆದ ತಕ್ಷಣ ಕತ್ತರಿಸಬೇಕು, ಚಹಾ ಕುಡಿದು ಬರೋಣ ಅಂದರೆ ಮತ್ತೆ ಮೆತ್ತಗೆ. ಮ್ಯಾಟಿನ ಅಂಟೂ ಮಳೆಯಲ್ಲಿ ಕೈ ಕೊಡುತ್ತದೆ. ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿದರೆ ಒಂದಷ್ಟು ಸಲ ಬರುತ್ತದೆ. ಆಮೇಲೆ ನಾನು ಬೇರೆ ಅಂಟು ಹಚ್ಚುತ್ತೇನೆ. ಯಾವುದು, ಎಷ್ಟು ನೀರು ಬೆರೆಸುವುದು ಅಂತ ಕೇಳಬೇಡಿ.

ಹೀಗೆ ಒಣಗಿಸಿದ ಕಾರ್ಡ್‌ನಲ್ಲಿ ಬೇಲೂರಿನ ಜಾಲಂಧ್ರದ (ಜಾಲರಿ ಕಿಟಕಿಯ) ವಿನ್ಯಾಸದ ದೀಪ ಮಾಡಿದೆ. ಚಿಕ್ಕಮಗಳೂರಿನಿಂದ ಬೇಲೂರು 25 ಕಿಲೋಮೀಟರ್ ಅಷ್ಟೇ. ಚೆನ್ನಕೇಶವ ದೇವಸ್ಥಾನದ ಗೋಡೆಯಲ್ಲಿ ಕಲ್ಲಿನ ಜಾಲರಿ ಕಿಟಕಿಗಳಿವೆ. ಕೆಲವದರಲ್ಲಿ ಪುರಾಣದ ಚಿತ್ರ, ಕೆಲವದರಲ್ಲಿ ನಕ್ಷತ್ರದಂಥ ಲೆಕ್ಕದ ವಿನ್ಯಾಸ. ಬೊಂಬೆ ಇರುವವಕ್ಕೆ ಹೋಗಬೇಡಿ, ಕಾಗದದಲ್ಲಿ ಅದು ಬರೀ ಕಪ್ಪು ಮುದ್ದೆ. ನಕ್ಷತ್ರದ್ದು ತಗೊಂಡು ಫೋಟೋ ಮೇಲೆ ಗೆರೆ ಎಳೆದೆ. ಕಡ್ಡಿ 2.5 ಮಿಲಿಮೀಟರ್‌ಗಿಂತ ತೆಳ್ಳಗೆ ಮಾಡಿದರೆ 250 ಜಿಎಸ್ಎಂ ದಪ್ಪದ ಕಾರ್ಡ್ ತಡೆಯಲ್ಲ. ಒಳಗಿನ ತೂತು ಮೊದಲು, ಹೊರಗಿನ ಅಂಚು ಕೊನೆಗೆ ಬರುವ ಹಾಗೆ ಕ್ರಮ ಹಾಕಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳರ ಹೆಸರಿದ್ದರೆ ಸಾಕು, ಹೋಂಸ್ಟೇಯವರು ಕೇಳುತ್ತಾರೆ. ಒಂದಕ್ಕೆ 650ರಂತೆ ಆರು ದೀಪ ಕೊಟ್ಟೆ. ಜುಲೈ ಮುಗಿಯುವಷ್ಟರಲ್ಲಿ ಎರಡು ಜೋತುಬಿದ್ದು ವಾಪಸ್ ಬಂದವು. ಈಗ ಕಾರ್ಡ್ ಬಿಟ್ಟು ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ಫೈಲ್ ಕವರಿನಲ್ಲಿ ಮಾಡುತ್ತೇನೆ. 15–20 ರೂಪಾಯಿಗೆ ಸಿಗುತ್ತದೆ, ಮಂಜು ಬಣ್ಣದ್ದು ಬೆಳಕನ್ನು ಚೆನ್ನಾಗಿ ಹರಡುತ್ತದೆ, ಮಳೆಗೆ ಜಗ್ಗಲ್ಲ. ಕತ್ತರಿಸಲು ಎರಡು ಸುತ್ತು. ಒಳಗೆ ಎಲ್‌ಇಡಿಯೇ ಹಾಕಬೇಕು, ಬಿಸಿ ಬಲ್ಬ್ ಹಾಕಿದರೆ ಕರಗುತ್ತದೆ.

ರಂಗೋಲಿ ಸ್ಟೆನ್ಸಿಲ್ಲೂ ಮಾಡಿ ನೋಡಿದೆ. ಗೌರಿ ಹಬ್ಬದ ಹೊತ್ತಿಗೆ ಸಂತೆಯಲ್ಲಿ 20 ರೂಪಾಯಿಗೆ ತೂತಿನ ತಟ್ಟೆ ಸಿಗುತ್ತದೆ, ನಮಗೆ ಗಿಟ್ಟಲ್ಲ. ಹೆಸರು ಸೇರಿಸಿ ಮಾಡಿಕೊಡಿ ಅಂದವರಿಗೆ ಮಾತ್ರ ಮಾಡುತ್ತೇನೆ.

ಅಡಿಕೆ ಹಾಳೆ ಮಾತ್ರ ಇನ್ನೂ ಬಗ್ಗಿಲ್ಲ. ನೆನೆಸಿ, ಇಸ್ತ್ರಿ ಹೊಡೆದು, ಭಾರ ಹೇರಿ ಚಪ್ಪಟೆ ಮಾಡಿದರೂ ಅದರ ಗೀರುಗೀರು ಮೈ ಮೇಲೆ ಬ್ಲೇಡ್ ಹಾರುತ್ತದೆ. ಉದ್ದಕ್ಕೆ ಸರಾಗ ಕತ್ತರಿಸುತ್ತದೆ, ಅಡ್ಡಕ್ಕೆ ಹೋದರೆ ಸೀಳುತ್ತದೆ. ನಡುವಿನ ದಪ್ಪ ಭಾಗ ಬಿಟ್ಟು ಅಂಚಿನ ತೆಳ್ಳನೆ ಹಾಳೆಯಲ್ಲಿ ಒಂದು ಎಲೆ ಆಕಾರ ಬಂತು, ಅಂಚು ಅಷ್ಟಕ್ಕಷ್ಟೆ. ಅದರ ಹಿಂದೆ ತೆಳು ಬಟ್ಟೆ ಅಂಟಿಸಿ ನೋಡುತ್ತಿದ್ದೇನೆ. ಈ ಮಳೆಗಾಲದಲ್ಲಿ ಕೆಲಸ ಕಮ್ಮಿ ಇರುವಾಗ ಅದನ್ನೇ ಮುಂದುವರಿಸಬೇಕು.