ಹಳೆಯ ಮೀಟರ್‌ಗಳನ್ನು ಈಥರ್ನೆಟ್‌ಗೆ ತಂದ ಬಗೆ

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕವೊಂದರಲ್ಲಿ ಎನರ್ಜಿ ಮೀಟರ್‌ಗಳಿಗೂ ಕುಲುಮೆಯ ತಾಪಮಾನ ನಿಯಂತ್ರಕಗಳಿಗೂ ಎರಡು ತಂತಿಗಳಲ್ಲಿ ಡೇಟಾ ಕಳಿಸುವ ಆರ್‌ಎಸ್-485 ಪೋರ್ಟ್ ಇತ್ತು. ಅವುಗಳ ಅಂಕಿಗಳು ಕಚೇರಿಯ ಕಂಪ್ಯೂಟರ್‌ಗೆ ಬರಬೇಕು, ಆದರೆ ಒಂದು ಸಾಧನವನ್ನೂ ಬದಲಿಸಬಾರದು ಎಂಬುದು ಮಾಲೀಕರ ಷರತ್ತು. ಇಂಥ ಸಾಧನಗಳು ಮಾತನಾಡುವ ಭಾಷೆಯಾದ 1979ರ ಮಾಡ್‌ಬಸ್ ಇಂದಿಗೂ ಉಳಿದಿರುವುದು ಇಂಥ ಮಾಲೀಕರಿಂದಲೇ ಇರಬೇಕು!

ಅಗ್ಗದ ಸೀರಿಯಲ್ ಸರ್ವರ್ ಸಾಕೆಂದು ಅಂಗಡಿಯವರು ಹೇಳಿದರೂ ನಾನು ಮಾಡ್‌ಬಸ್ ಗೇಟ್‌ವೇಯನ್ನೇ ಕೊಂಡೆ. ಆರ್‌ಟಿಯು, ಅಂದರೆ ಆರ್‌ಎಸ್-485 ತಂತಿಯಲ್ಲಿ ಹರಿಯುವ ಮಾಡ್‌ಬಸ್ ರೂಪದಲ್ಲಿ, ಸಂದೇಶ ಎಲ್ಲಿ ಮುಗಿಯಿತೆಂದು ತಿಳಿಯುವುದು ಮೂರೂವರೆ ಅಕ್ಷರದಷ್ಟು ಹೊತ್ತಿನ ಮೌನದಿಂದ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡು. ಬೈಟ್‌ಗಳನ್ನು ಬಂದಂತೆಯೇ ದಾಟಿಸುವ ಸರ್ವರ್ ಬಳಸಿದರೆ ನೆಟ್‌ವರ್ಕ್‌ನ ಟಿಸಿಪಿ ಸಂಪರ್ಕದಲ್ಲಿ ಆ ಮೌನ ಉಳಿಯುವುದಿಲ್ಲ. ಗೇಟ್‌ವೇ ಇಡೀ ಸಂದೇಶವನ್ನು ಅರ್ಥಮಾಡಿಕೊಂಡು ಈಥರ್ನೆಟ್‌ಗೆ ಹೊಂದುವ ಮಾಡ್‌ಬಸ್ ಟಿಸಿಪಿ ರೂಪಕ್ಕೆ ಬದಲಿಸುತ್ತದೆ. ಎರಡು ಕಂಪ್ಯೂಟರ್‌ಗಳು ಒಟ್ಟಿಗೆ ಕೇಳಿದರೆ ಸಾಲಿನಲ್ಲಿ ನಿಲ್ಲಿಸುತ್ತದೆ.

ಈಥರ್ನೆಟ್ ಬದಿಯಲ್ಲಿ ಸ್ಥಿರ ಐಪಿ ಕೊಟ್ಟು, ಮಾಡ್‌ಬಸ್ ಟಿಸಿಪಿ ಬಳಸುವ 502ನೇ ಪೋರ್ಟ್ ನೋಡಿಕೊಂಡರೆ ಮುಗಿಯಿತು. ಬೆವರು ಹರಿಯುವುದು ಆರ್‌ಎಸ್-485ರ ಆ ಎರಡು ತಂತಿಗಳಲ್ಲಿ. ಕವಲು ಒಡೆಯದೆ ಸಾಧನದಿಂದ ಸಾಧನಕ್ಕೆ ಕೇಬಲ್ ಎಳೆಸಿ, ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಹಾಕಿದೆ. ಮೋಟಾರ್ ಡ್ರೈವ್‌ಗಳ ಪವರ್ ಕೇಬಲ್ ಹಾದುಹೋಗುವ ಟ್ರೇಯಲ್ಲಿ ಇದನ್ನು ಮಲಗಿಸಲು ಬಿಡಲಿಲ್ಲ. ತಂತಿಗಳಿಗೆ ಹಾಕಿರುವ ಎ, ಬಿ ಎಂಬ ಗುರುತುಗಳನ್ನು ನಂಬುವಂತಿಲ್ಲ. ತಯಾರಕರಿಂದ ತಯಾರಕರಿಗೆ ಅವು ತಿರುವುಮುರುವಾಗುತ್ತವೆ. ಉತ್ತರ ಬಾರದಿದ್ದರೆ ಅದಲುಬದಲು ಮಾಡಿ ನೋಡಬಹುದು, ಏನೂ ಸುಡುವುದಿಲ್ಲ. ಕಾರ್ಖಾನೆಯಿಂದ ಬರುವಾಗ ಮೀಟರ್‌ಗಳ ವಿಳಾಸ ಸಾಮಾನ್ಯವಾಗಿ 1 ಎಂದೇ ಇರುತ್ತದೆ. ಆದ್ದರಿಂದ ಪ್ರತಿಯೊಂದಕ್ಕೂ ಬೇರೆ ವಿಳಾಸ ಕೊಟ್ಟು, ಲ್ಯಾಪ್‌ಟಾಪ್‌ನಿಂದ ಒಂದೊಂದನ್ನೇ ಓದಿ ನೋಡಿದ ಮೇಲೆಯೇ ಗೇಟ್‌ವೇಗೆ ಜೋಡಿಸಿದೆ.

ನೆಟ್‌ವರ್ಕ್ ನೂರು ಮೆಗಾಬಿಟ್ ಇದ್ದರೂ ಮೀಟರ್‌ಗಳು ಬೇಗ ಬೇಗ ಮಾತನಾಡುವುದಿಲ್ಲ. ಹತ್ತು ರಿಜಿಸ್ಟರ್ (ಮೀಟರ್ ಅಂಕಿಗಳನ್ನು ಇಡುವ ಜಾಗಗಳು) ಓದಲು 8 ಬೈಟ್ ಪ್ರಶ್ನೆ, 25 ಬೈಟ್ ಉತ್ತರ. 9600ರಲ್ಲಿ ಇದಕ್ಕೇ ಸುಮಾರು 35 ಮಿಲಿಸೆಕೆಂಡು, ಮೀಟರ್ ಯೋಚಿಸುವ ಹೊತ್ತು ಬೇರೆ. ಅದಕ್ಕಿಂತ ಕಾಡುವುದು ವಿದ್ಯುತ್ ಇಲ್ಲದೆ ಸತ್ತ ಮೀಟರ್. ಟೈಮ್‌ಔಟ್ ಒಂದು ಸೆಕೆಂಡ್ ಇಟ್ಟರೆ ಪ್ರತಿ ಸುತ್ತಿನಲ್ಲೂ ಅಷ್ಟು ಹೊತ್ತು ಉಳಿದವೆಲ್ಲ ಕಾಯಬೇಕು. ನಾನು 300 ಮಿಲಿಸೆಕೆಂಡಿಗೆ ಇಳಿಸಿ, ಉತ್ತರಿಸದ ಸಾಧನವನ್ನು ನಿಮಿಷಕ್ಕೊಮ್ಮೆ ಮಾತ್ರ ಕೇಳುವಂತೆ ಮಾಡಿದೆ.

ಅಂಕಿಗಳು ಮೊಬೈಲ್‌ನಲ್ಲೂ ಕಾಣಲಿ ಎಂದು ಮಾಲೀಕರು ಕೇಳಿದರು. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. 502 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆದರೆ ಕುಲುಮೆಗೆ ನಿಗದಿಪಡಿಸಿದ ತಾಪಮಾನವನ್ನು (ಸೆಟ್ ಪಾಯಿಂಟ್) ಯಾರು ಬೇಕಾದರೂ ತಿದ್ದಬಹುದು. ರೂಟರ್‌ನಲ್ಲಿ ವಿಪಿಎನ್ (ಹೊರಗಿನವರಿಗೆ ಮುಚ್ಚಿದ ಸುರಕ್ಷಿತ ಸಂಪರ್ಕ) ಹಾಕಿಸಲು ಅವರು ಒಪ್ಪಿದ ನಂತರವೇ ಆ ಕೆಲಸಕ್ಕೆ ಕೈ ಹಚ್ಚಿದೆ.