ಬಾಸ್ಟನ್ ಮ್ಯಾರಥಾನ್‌ಗೆ ಹೊರಟಿದ್ದೀರಾ? ಮೊದಲು ಇಳಿಯುವುದನ್ನು ಕಲಿಯಿರಿ, ಆಮೇಲೆ ಕಾಯುವುದನ್ನು

ಬಾಸ್ಟನ್ ಮ್ಯಾರಥಾನ್ ನಡೆಯುವುದು ಏಪ್ರಿಲ್ ತಿಂಗಳ ಮೂರನೇ ಸೋಮವಾರ. ಹೌದು, ಭಾನುವಾರ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಂದು ‘ಪೇಟ್ರಿಯಟ್ಸ್ ಡೇ’ ರಜೆ. 1897ರಲ್ಲಿ ಶುರುವಾದ ಈ ಓಟಕ್ಕಿಂತ ಹಳೆಯ ವಾರ್ಷಿಕ ಮ್ಯಾರಥಾನ್ ಜಗತ್ತಿನಲ್ಲಿ ಇಲ್ಲ. ಕಬ್ಬನ್ ಪಾರ್ಕಲ್ಲಿ ಬೆಳಗ್ಗೆ ಐದಕ್ಕೆ ಓಡುವ ಯಾರನ್ನಾದರೂ ಕೇಳಿ ನೋಡಿ, ಮನಸ್ಸಿನ ಮೂಲೆಯಲ್ಲಿ ಒಂದು ಬಾಸ್ಟನ್ ಇದ್ದೇ ಇರುತ್ತದೆ.

ಅಲ್ಲಿಗೆ ಹೋದ ಮೇಲೆ ಸೋಲುವವರು ಸಾಮಾನ್ಯವಾಗಿ ದಮ್ಮು ಸಾಲದೆ ಸೋಲುವುದಿಲ್ಲ. ಇಳಿಜಾರಿಗೆ ಕಾಲು ತಯಾರಾಗಿರುವುದಿಲ್ಲ, ಓಟ ಶುರುವಾಗುವ ತನಕ ಗಂಟೆಗಟ್ಟಲೆ ಕಾಯುವುದಕ್ಕೆ ಮೈ ತಯಾರಾಗಿರುವುದಿಲ್ಲ. ಹಾಗಾಗಿ ತಯಾರಿಯನ್ನು ಈ ಎರಡರ ಸುತ್ತ ಕಟ್ಟಿಕೊಳ್ಳುವುದು ಒಳ್ಳೆಯದು.

ಹಿಂದಿನ ಸೆಪ್ಟೆಂಬರ್‌ನಲ್ಲೇ ಶುರು

ದುಡ್ಡು ಕಟ್ಟಿದರೆ ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ಓಟಗಾರರ ಸಂಖ್ಯೆಯ ಚೀಟಿ) ಸಿಗುವ ಓಟ ಇದಲ್ಲ. ವಯಸ್ಸಿಗೆ ತಕ್ಕ ಅರ್ಹತಾ ಸಮಯ ಇದೆ. 2026ರ ಓಟದಿಂದ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. 18ರಿಂದ 34 ವರ್ಷದ ಗಂಡಸರು 2 ಗಂಟೆ 55 ನಿಮಿಷ, ಹೆಂಗಸರು 3 ಗಂಟೆ 25 ನಿಮಿಷದೊಳಗೆ ಪೂರ್ತಿ ಮ್ಯಾರಥಾನ್ ಮುಗಿಸಿರಬೇಕು. 40ರಿಂದ 44ರವರಿಗೆ ಇದು 3:05 ಮತ್ತು 3:35. ಲೆಕ್ಕಕ್ಕೆ ಬರುವುದು ಬಾಸ್ಟನ್ ಓಟದ ದಿನ ನಿಮಗಿರುವ ವಯಸ್ಸು. ಅದಕ್ಕೇ 39 ದಾಟುತ್ತಿರುವವರು ಹುಟ್ಟುಹಬ್ಬಕ್ಕೆ ಕಾಯುತ್ತಿರುತ್ತಾರೆ! ದಾರಿಯ ಅಳತೆಗೆ ಪ್ರಮಾಣಪತ್ರ ಇರುವ ಓಟದ ಸಮಯ ಮಾತ್ರ ನಡೆಯುತ್ತದೆ. ನಮ್ಮಲ್ಲಿ ತುಂಬಾ ಜನ ಜನವರಿಯ ಮುಂಬೈ ಮ್ಯಾರಥಾನ್ ನಂಬಿಕೊಳ್ಳುತ್ತಾರೆ.

ಇಲ್ಲೊಂದು ಕೊಕ್ಕೆ ಇದೆ. ಅರ್ಹತಾ ಸಮಯ ಮುಟ್ಟಿದರೆ ಅರ್ಜಿ ಹಾಕಬಹುದು, ಅಷ್ಟೇ. ಸೀಟು ಖಾತ್ರಿ ಇಲ್ಲ. ಅರ್ಜಿಗಳು ಜಾಸ್ತಿ ಬಂದರೆ ವೇಗದವರಿಗೆ ಮೊದಲು ಕೊಡುತ್ತಾರೆ. 2025ರ ಓಟಕ್ಕೆ ನಿಗದಿತ ಸಮಯಕ್ಕಿಂತ 6 ನಿಮಿಷ 51 ಸೆಕೆಂಡ್ ಮುಂದಿದ್ದವರಿಗಷ್ಟೇ ಜಾಗ ಸಿಕ್ಕಿತು. ಅರ್ಹತೆ ಬಿಗಿ ಮಾಡಿದ ಮೇಲೂ 2026ಕ್ಕೆ 4 ನಿಮಿಷ 34 ಸೆಕೆಂಡ್ ಬೇಕಾಯಿತು. ಕನಿಷ್ಠ ಐದಾರು ನಿಮಿಷ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ಇನ್ನೊಂದು ದಾರಿ ಅಂದರೆ ಸೇವಾಸಂಸ್ಥೆಗಳ ಪರವಾಗಿ ಓಡುವುದು. ಅದಕ್ಕೆ ಕನಿಷ್ಠ 5,000 ಡಾಲರ್ ದೇಣಿಗೆ ಎತ್ತಬೇಕು. ಎಷ್ಟೋ ಸಂಸ್ಥೆಗಳು ಇದರ ದುಪ್ಪಟ್ಟು ಕೇಳುತ್ತವೆ.

ವೀಸಾ ಮೊದಲು, ಬೂಟು ಆಮೇಲೆ

ಓಟದ ಅರ್ಜಿ ಸೆಪ್ಟೆಂಬರ್‌ನಲ್ಲಿ ಹಾಕಿದರೆ ಉತ್ತರ ಬರುವುದು ಆ ತಿಂಗಳ ಕೊನೆಗೆ. ಅಲ್ಲಿಂದ ಓಟಕ್ಕೆ ಉಳಿಯುವುದು ಏಳು ತಿಂಗಳೂ ಇಲ್ಲ. ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ ದಿನ ಸಿಗುವುದೇ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತದೆ. ಬಿಬ್ ಸಿಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಅರ್ಹತಾ ಸಮಯ ಕೈಗೆ ಬಂದ ವಾರವೇ ವೀಸಾ ಅರ್ಜಿ ತುಂಬಿ. ಪ್ರವಾಸಿ ವೀಸಾ ಸಿಕ್ಕರೆ ಸಾಮಾನ್ಯವಾಗಿ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ. ಈ ವರ್ಷ ಬಿಬ್ ತಪ್ಪಿದರೂ ವೀಸಾ ವ್ಯರ್ಥ ಆಗುವುದಿಲ್ಲ. ಸಂದರ್ಶನದಲ್ಲಿ ‘ಯಾಕೆ ಹೋಗುತ್ತಿದ್ದೀರಿ’ ಅಂದರೆ ಮ್ಯಾರಥಾನ್ ಓಡಲು ಅಂತಲೇ ನೇರವಾಗಿ ಹೇಳಿ.

ಬೆಂಗಳೂರಿಂದ ಬಾಸ್ಟನ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್, ಹೀಗೆ ಎಲ್ಲಾದರೂ ಒಂದು ಕಡೆ ಇಳಿದು ಹತ್ತಬೇಕು. ಏಪ್ರಿಲ್‌ನಲ್ಲಿ ಬಾಸ್ಟನ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಸೋಮವಾರದ ಓಟಕ್ಕೆ ಬುಧವಾರವಾದರೂ ಮುಟ್ಟಿ. ಅದಕ್ಕೂ ಮೊದಲೇ ಹೋಗುವಷ್ಟು ರಜೆ ಇದ್ದರೆ ಇನ್ನೂ ಒಳ್ಳೆಯದು. ಪಶ್ಚಿಮಕ್ಕೆ ಹೋದವರಿಗೆ ಒಂದು ಲಾಭವೂ ಇದೆ. ನಸುಕಿನ ಮೂರು, ನಾಲ್ಕಕ್ಕೆ ತಾನಾಗೇ ಎಚ್ಚರ ಆಗುತ್ತದೆ. ಓಟದ ದಿನ ಬೇಕಾಗಿರುವುದೂ ಅದೇ ಅಲ್ವಾ.

ಓಟದ ಬೂಟು, ಚಡ್ಡಿ, ಬನಿಯನ್, ಓಡುವಾಗ ಶಕ್ತಿಗೆ ನುಂಗುವ ಜೆಲ್ ಇವೆಲ್ಲ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಬ್ಯಾಗು ದುಬೈನಲ್ಲೇ ಉಳಿದುಬಿಟ್ಟರೆ ಉಡುಪು ಕೊಳ್ಳಬಹುದು, ಪಳಗಿದ ಬೂಟು ಎಲ್ಲಿ ಸಿಗುತ್ತದೆ?

ಓಟದ ವಾರ ಊರೊಳಗಿನ ಹೋಟೆಲ್ ಬಾಡಿಗೆ ತಲೆ ತಿರುಗುವಷ್ಟು ಏರುತ್ತದೆ. ಕೇಂಬ್ರಿಜ್, ಕ್ವಿನ್ಸಿ, ಬ್ರೇನ್‌ಟ್ರೀ ಕಡೆ ನೋಡಿ. ಇವೆಲ್ಲ ರೆಡ್ ಲೈನ್ ರೈಲಿನ ಹಾದಿಯಲ್ಲಿವೆ. ಆ ರೈಲಲ್ಲಿ ಪಾರ್ಕ್ ಸ್ಟ್ರೀಟ್‌ನಲ್ಲಿ ಇಳಿದರೆ ಎದುರಿಗೇ ಬಾಸ್ಟನ್ ಕಾಮನ್ ಉದ್ಯಾನ. ಓಟದ ಬೆಳಗ್ಗೆ ಆರಂಭದ ಜಾಗಕ್ಕೆ ಬಸ್ ಹತ್ತಬೇಕಾದ್ದು ಅಲ್ಲೇ.

ಈ ದಾರಿಯ ಗುಟ್ಟು

ಹಾಪ್‌ಕಿಂಟನ್ ಅನ್ನುವ ಸಣ್ಣ ಊರಲ್ಲಿ ಓಟ ಶುರು. ಬಾಸ್ಟನ್‌ನ ಬಾಯ್ಲ್‌ಸ್ಟನ್ ಸ್ಟ್ರೀಟಲ್ಲಿ ಮುಕ್ತಾಯ. ಆರಂಭದ ಗೆರೆ ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಮೇಲಿದೆ, ಮುಕ್ತಾಯದ್ದು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಹಾಗಾದರೆ ಸುಲಭದ ದಾರಿ ಅನ್ನಿಸುತ್ತದೆ. ಅಲ್ಲೇ ಮೋಸ ಹೋಗುವುದು.

ಮೊದಲ ಐದಾರು ಕಿಲೋಮೀಟರ್ ಚೆನ್ನಾಗಿ ಇಳಿಯುತ್ತದೆ. ವಾರಗಟ್ಟಲೆ ವಿಶ್ರಾಂತಿ ಪಡೆದ ಕಾಲು, ಸುತ್ತಲೂ ಜನರ ಕೂಗು, ಯಾರಿಗೆ ತಾನೇ ತಡೆದೀತು? ಆಮೇಲೆ ಆಶ್ಲಂಡ್, ಫ್ರೇಮಿಂಗ್‌ಹ್ಯಾಮ್, ನೇಟಿಕ್ ದಾಟಿ ವೆಲ್‌ಸ್ಲಿ ಬರುತ್ತದೆ. ಅರ್ಧ ದಾರಿಗೆ ಸ್ವಲ್ಪ ಮುಂಚೆ ವೆಲ್‌ಸ್ಲಿ ಕಾಲೇಜಿನ ಹುಡುಗಿಯರ ಕೂಗು ದೂರದಿಂದಲೇ ಕೇಳಿಸುತ್ತದೆ. 26ನೇ ಕಿಲೋಮೀಟರ್ ಹತ್ತಿರ ರಸ್ತೆ ಮತ್ತೊಮ್ಮೆ ತಗ್ಗಿಗೆ ಇಳಿದು, ಅಲ್ಲಿಂದ ನ್ಯೂಟನ್‌ನ ನಾಲ್ಕು ದಿಬ್ಬಗಳು ಶುರುವಾಗುತ್ತವೆ. ಕೊನೆಯದು 33ನೇ ಕಿಲೋಮೀಟರ್ ಸುಮಾರಿಗೆ ಬರುವ ಹಾರ್ಟ್‌ಬ್ರೇಕ್ ಹಿಲ್. ಹೆಸರು ದೊಡ್ಡದು, ಏರು ಮಾತ್ರ ಸುಮಾರು 27 ಮೀಟರ್. ಚಾಮುಂಡಿ ಬೆಟ್ಟ ಹತ್ತಿದವರಿಗೆ ನಗು ಬರಬಹುದು. ಆದರೆ ಅಷ್ಟು ಹೊತ್ತಿಗೆ ತೊಡೆ ಸೋತಿರುತ್ತದೆ. ಅದನ್ನು ಸೋಲಿಸಿದ್ದು ದಿಬ್ಬ ಅಲ್ಲ, ಮೊದಲಿನ ಇಳಿಜಾರು.

ಇದು ಹೇಗೆ? ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರ ತಡೆಯುತ್ತಾ ಅದೇ ಸ್ನಾಯು ಹಿಗ್ಗಬೇಕು. ಹಿಗ್ಗುತ್ತಲೇ ಬಿಗಿ ಹಿಡಿಯುವ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ. ಉಸಿರು ಏರುವುದಿಲ್ಲ, ಎದೆ ಬಡಿತ ಜಾಸ್ತಿ ಆಗುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಲೆಕ್ಕ ಚುಕ್ತಾ ಆಗುವುದು ನ್ಯೂಟನ್‌ನಲ್ಲಿ. ಹಾರ್ಟ್‌ಬ್ರೇಕ್ ಮುಗಿದ ಮೇಲೆ ಬಾಸ್ಟನ್ ಕಾಲೇಜ್ ಪಕ್ಕದಲ್ಲಿ ರಸ್ತೆ ಮತ್ತೆ ಇಳಿಯುತ್ತದಲ್ಲ, ನನ್ನ ಕೇಳಿದರೆ ಏರಿಗಿಂತ ಆ ಇಳಿತವೇ ಕ್ರೂರ.

ಡಿಸೆಂಬರ್‌ನಿಂದ ಏಪ್ರಿಲ್: ತರಬೇತಿ

ಹದಿನಾರು ವಾರ ಅಂತ ಇಟ್ಟುಕೊಂಡರೆ ಡಿಸೆಂಬರ್ ಕೊನೆಗೆ ಶುರು ಮಾಡಬೇಕು. ನಮ್ಮ ಅದೃಷ್ಟಕ್ಕೆ ಆಗ ಬೆಂಗಳೂರು ತಂಪಾಗಿರುತ್ತದೆ. ಬಾಸ್ಟನ್ ಕಡೆಯ ಓಟಗಾರರು ಅದೇ ಹೊತ್ತಲ್ಲಿ ಹಿಮದಲ್ಲಿ ಜಾರುತ್ತಿರುತ್ತಾರೆ. ವಾರಕ್ಕೊಂದು ವೇಗದ ಓಟ, ಒಂದು ಟೆಂಪೊ (ತುಸು ಕಷ್ಟ ಅನ್ನಿಸುವ ಒಂದೇ ವೇಗದ ಓಟ), ಭಾನುವಾರ ಲಾಂಗ್ ರನ್ ಅಂದರೆ ದೂರದ ಓಟ, ಉಳಿದ ದಿನ ಆರಾಮದ ಓಟ. ಅರ್ಹತೆ ಗಳಿಸಿದವರಿಗೆ ಇದೆಲ್ಲ ಗೊತ್ತಿದ್ದದ್ದೇ.

ಹೊಸದಾಗಿ ಸೇರಿಸಬೇಕಾದ್ದು ಇಳಿಜಾರಿನ ಓಟ. ಇದನ್ನು ಹೀಗೆ ಮಾಡಿ:

1. ಮೊದಲು ಕಡಿದಾದ ಬೆಟ್ಟಕ್ಕೆ ಹೋಗಬೇಡಿ. ನೂರು ಮೀಟರ್‌ಗೆ ಮೂರ್ನಾಲ್ಕು ಮೀಟರ್ ಇಳಿಯುವ, ವಾಹನ ಕಡಿಮೆ ಇರುವ ರಸ್ತೆ ಹುಡುಕಿ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇಂಥವು ಸಿಗುತ್ತವೆ. ಮಲೆನಾಡಿನವರಿಗೆ, ಮಣಿಪಾಲದವರಿಗೆ ಈ ಹುಡುಕಾಟವೇ ಬೇಡ, ಮನೆಯಿಂದ ಹೊರಬಿದ್ದರೆ ಸಾಕು.

2. ಸುಮಾರು 400 ಮೀಟರ್ ಕೆಳಗೆ ಓಡಿ, ನಡೆದುಕೊಂಡು ಮೇಲೆ ಬನ್ನಿ. ನಾಲ್ಕು ಸಲ ಸಾಕು. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡರೆ ಗಾಬರಿ ಬೇಡ. ಎರಡನೇ ಸಲಕ್ಕೆ ನೋವು ಅರ್ಧ ಇರುವುದಿಲ್ಲ. ಸ್ನಾಯು ಒಮ್ಮೆ ಪೆಟ್ಟು ತಿಂದರೆ ಮುಂದಿನ ಕೆಲವು ವಾರ ಅಂಥ ಪೆಟ್ಟನ್ನು ತಡೆದುಕೊಳ್ಳುತ್ತದೆ. ನಮಗೆ ಬೇಕಾದ್ದೇ ಇದು.

3. ಹೆಜ್ಜೆ ಚಿಕ್ಕದಾಗಿರಲಿ, ಬೇಗಬೇಗ ಬೀಳಲಿ. ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ. ಹಾಗೆ ಮಾಡಿದರೆ ಮಂಡಿಗೆ ಹೊಡೆತ.

4. ಫೆಬ್ರುವರಿ, ಮಾರ್ಚ್‌ನಲ್ಲಿ ಎರಡು ವಾರಕ್ಕೊಂದು ಲಾಂಗ್ ರನ್‌ನ ರೂಪ ಬದಲಿಸಿ. ಮೊದಲು ಇಳಿಜಾರು, ನಡುವೆ ಸಮತಟ್ಟು, ಕೊನೆಗೆ ಏರು. ಚಾಮುಂಡಿ ಬೆಟ್ಟದ ಮೇಲಿಂದ ಓಟ ಶುರು ಮಾಡಿ ಮೈಸೂರಿಗೆ ಇಳಿದು, ಊರು ಸುತ್ತಿ, ಕೊನೆಗೆ ಬೆಟ್ಟದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಹತ್ತಿದರೆ ಹೆಚ್ಚುಕಡಿಮೆ ಬಾಸ್ಟನ್ನೇ. ಬೆಂಗಳೂರಿನವರಿಗೆ ನಂದಿ ಬೆಟ್ಟ ಇದೆ, ಆದರೆ ವಾರದ ಕೊನೆಯಲ್ಲಿ ಅಲ್ಲಿ ಕಾರು, ಬೈಕುಗಳ ಜಾತ್ರೆ. ವಾರದ ನಡುವೆ ಒಂದು ರಜೆ ಹಾಕಿ ಹೋಗಿ.

5. ಓಟಕ್ಕೆ ಮೂರು ವಾರ ಇರುವಾಗ ಕೊನೆಯ ಜೋರು ಇಳಿಜಾರು. ಆಮೇಲೆ ದೂರ ಕಡಿಮೆ ಮಾಡುತ್ತಾ ಬನ್ನಿ.

ಇನ್ನೊಂದು ಅಭ್ಯಾಸವನ್ನು ನಮ್ಮವರು ಮಾಡುವುದೇ ಇಲ್ಲ. ನಮ್ಮ ಓಟಗಳೆಲ್ಲ ನಸುಕಿನಲ್ಲಿ. ಬಾಸ್ಟನ್‌ನಲ್ಲಿ ಹೆಚ್ಚಿನವರು ಗೆರೆ ದಾಟುವುದೇ ಬೆಳಗ್ಗೆ ಹತ್ತರ ಮೇಲೆ. ಏಳುವುದು ನಾಲ್ಕಕ್ಕೆ, ಓಡುವುದು ಹತ್ತಕ್ಕೆ. ಈ ಆರು ಗಂಟೆಯಲ್ಲಿ ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಹೊಟ್ಟೆ ಯಾವಾಗ ಖಾಲಿ ಆಗುತ್ತದೆ ಅಂತ ಮನೆಯಲ್ಲೇ ತಿಳಿದುಕೊಳ್ಳಬೇಕು. ಜನವರಿಯ ಒಂದೆರಡು ಭಾನುವಾರ ನಾಲ್ಕಕ್ಕೆ ಎದ್ದು ಇಡ್ಲಿ ತಿಂದು ಸುಮ್ನೆ ಕೂತುಕೊಳ್ಳಿ. ಎಂಟಕ್ಕೆ ಬಾಳೆಹಣ್ಣು, ಬ್ರೆಡ್ಡು. ಹತ್ತಕ್ಕೆ ಓಟ. ಮನೆಯವರು ಬೈದರೂ ಪರವಾಗಿಲ್ಲ. ಮಾರ್ಚ್‌ಗೆ ಇದನ್ನು ಮುಂದೂಡಬೇಡಿ, ಬಿಸಿಲಿಗೆ ಬಸವಳಿದುಹೋಗುತ್ತೀರಿ.

ಹವಾಮಾನದ ಬಗ್ಗೆ ಭವಿಷ್ಯ ಹೇಳುವಂತಿಲ್ಲ. 2012ರಲ್ಲಿ 30 ಡಿಗ್ರಿ ದಾಟಿದ ಬಿಸಿಲು. 2018ರಲ್ಲಿ ನಾಲ್ಕೈದು ಡಿಗ್ರಿ ಚಳಿ, ಜೊತೆಗೆ ಮಳೆ, ಎದುರುಗಾಳಿ. ದಾರಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವುದರಿಂದ ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಪೂರ್ತಿ ಮುಖಕ್ಕೇ. ಗ್ಲೌಸ್, ತೋಳಿಗೆ ಹಾಕುವ ಗವಸು, ಟೋಪಿ ಮೂರನ್ನೂ ಒಯ್ಯಿರಿ.

ಹಾಪ್‌ಕಿಂಟನ್‌ನ ಬೆಳಗ್ಗೆ

ಬಿಬ್ ಅನ್ನು ಓಟಕ್ಕೆ ಮೊದಲೇ, ಗುರುತಿನ ಚೀಟಿ ತೋರಿಸಿ ನೀವೇ ಹೋಗಿ ತರಬೇಕು. ಓಟದ ದಿನ ಕೊಡುವುದಿಲ್ಲ. ಬಿಬ್ ಕೊಡುವ ಕಡೆ ನಡೆಯುವ ಎಕ್ಸ್‌ಪೋದಲ್ಲಿ (ಓಟದ ಸಾಮಾನಿನ ಮೇಳ) ಜಾಕೆಟ್ ನೋಡುತ್ತಾ ಮೂರು ಗಂಟೆ ಸುತ್ತಿದರೆ ಸೋಮವಾರದ ಕಾಲು ಶನಿವಾರವೇ ಖರ್ಚಾಗುತ್ತದೆ.

ಸೋಮವಾರ ನಸುಕಿನಲ್ಲಿ ಬಾಸ್ಟನ್ ಕಾಮನ್ ಪಕ್ಕ ಹಳದಿ ಶಾಲಾ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಮುಗಿದ ಮೇಲೆ ಬೇಕಾಗುವ ಬೆಚ್ಚನೆ ಬಟ್ಟೆಯ ಚೀಲವನ್ನು ಬಸ್ ಹತ್ತುವ ಮುಂಚೆಯೇ ಒಪ್ಪಿಸಬೇಕು, ಹಾಪ್‌ಕಿಂಟನ್‌ಗೆ ಚೀಲ ಬಿಡುವುದಿಲ್ಲ. ಅಲ್ಲಿ ಶಾಲೆಯ ಮೈದಾನದಲ್ಲಿ ಗುಡಾರ ಹಾಕಿರುತ್ತಾರೆ. ಮಳೆ ಬಂದಿದ್ದರೆ ಕೆಸರೋ ಕೆಸರು. ಎಸೆಯಬಹುದಾದ ಹಳೇ ಬೂಟು ಹಾಕಿಕೊಂಡು ಹೋಗಿ, ಓಟದ ಬೂಟನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೈಯಲ್ಲಿಟ್ಟುಕೊಳ್ಳಿ. ಕೂರಲು ಒಂದು ಪ್ಲಾಸ್ಟಿಕ್ ಹಾಳೆ. ಮೈಮೇಲೆ ಹಳೇ ಸ್ವೆಟರ್, ಹಳೇ ಪ್ಯಾಂಟು, ಅದರ ಮೇಲೆ ಕಸದ ದೊಡ್ಡ ಕವರ್‌ಗೆ ತೂತು ಮಾಡಿ ತೊಟ್ಟುಕೊಂಡರೆ ಗಾಳಿ ಒಳಗೆ ಬರುವುದಿಲ್ಲ. ನೋಡಲು ವಿಚಿತ್ರ, ಆದರೆ ಅಲ್ಲಿ ಎಲ್ಲರೂ ಹಾಗೇ ಇರುತ್ತಾರೆ. ಗೆರೆಯ ಹತ್ತಿರ ಬಿಚ್ಚಿಹಾಕಿದ ಬಟ್ಟೆಗಳನ್ನು ಆರಿಸಿ ದಾನಕ್ಕೆ ಕೊಡುತ್ತಾರೆ.

ಓಟ ಶುರುವಾದ ಮೇಲೆ ಒಂದೇ ನಿಯಮ. 3 ಗಂಟೆ 15 ನಿಮಿಷದ ಗುರಿ ಅಂದರೆ ಕಿಲೋಮೀಟರ್‌ಗೆ 4 ನಿಮಿಷ 37 ಸೆಕೆಂಡ್. ಮೊದಲ ಐದು ಕಿಲೋಮೀಟರ್ ಅದಕ್ಕಿಂತ ಒಂದು ಸೆಕೆಂಡ್ ಕೂಡ ಬೇಗ ಬೇಡ. ಪಕ್ಕದವರೆಲ್ಲ ನುಗ್ಗಿ ಹೋಗುತ್ತಾರೆ, ಹೋಗಲಿ. ಎರಡನೇ ಮೈಲಿಯಿಂದ ಹೆಚ್ಚುಕಡಿಮೆ ಪ್ರತಿ ಮೈಲಿಗೂ ನೀರು ಸಿಗುತ್ತದೆ. ಅಲ್ಲಿ ಫಲಕಗಳು ಮೈಲಿಯಲ್ಲಿರುವುದರಿಂದ ನಿಮ್ಮ ವೇಗವನ್ನು ಮೈಲಿಗೂ ಲೆಕ್ಕ ಹಾಕಿ ಕೈಮೇಲೆ ಬರೆದುಕೊಳ್ಳಿ. 4:37 ಅಂದರೆ ಮೈಲಿಗೆ ಸುಮಾರು 7:26.

ಜೊತೆಗೆ ಬಂದವರಿಗೆ

ಈ ದಾರಿಯ ಊರುಗಳಲ್ಲಿ ಭಾರತೀಯರು ಬಹಳ. ಆಶ್ಲಂಡ್‌ನಲ್ಲಿ ಶ್ರೀ ಲಕ್ಷ್ಮಿ ದೇವಸ್ಥಾನ ಇರುವುದು ಓಟ ಸಾಗುವ 135ನೇ ರಸ್ತೆಯ ಬದಿಯಲ್ಲೇ. ಅತ್ತಿಗೆಯೋ ಚಿಕ್ಕಪ್ಪನ ಮಗನೋ ಆ ಕಡೆ ಇದ್ದರೆ ಉಳಿಯಲು ಜಾಗ, ಓಟದ ಹಿಂದಿನ ರಾತ್ರಿ ಮೊಸರನ್ನ ಎರಡೂ ಆಯಿತು. ಆದರೆ ಓಟದ ಬೆಳಗ್ಗೆ ರಸ್ತೆಗಳು ಮುಚ್ಚುತ್ತವೆ. ಯಾವ ಹೊತ್ತಿಗೆ ಎಲ್ಲಿ ಬಿಡಬೇಕು ಅಂತ ಆಯೋಜಕರ ಕೈಪಿಡಿ ನೋಡಿ ಮೊದಲೇ ಮಾತಾಡಿಕೊಳ್ಳಿ.

ಮನೆಯವರು ಮುಕ್ತಾಯದ ಗೆರೆಯಲ್ಲೇ ನಿಲ್ಲುತ್ತೇವೆ ಅಂದರೆ ನೂಕುನುಗ್ಗಲಲ್ಲಿ ನಿಮ್ಮ ತಲೆಯೂ ಕಾಣುವುದಿಲ್ಲ. ಗ್ರೀನ್ ಲೈನ್‌ನ ‘ಡಿ’ ರೈಲಲ್ಲಿ ವುಡ್‌ಲ್ಯಾಂಡ್‌ಗೆ ಕಳಿಸಿ. ನಿಲ್ದಾಣದಿಂದ ಹೊರಬಂದರೆ ಓಟದ ದಾರಿ, ದಿಬ್ಬಗಳು ಶುರುವಾಗುವ ಜಾಗ. ನಿಮಗೆ ಪರಿಚಿತ ಮುಖ ಬೇಕಾಗುವುದೂ ಅಲ್ಲೇ. ಮುಕ್ತಾಯದ ಪಕ್ಕದ ಕಾಪ್ಲಿ ನಿಲ್ದಾಣ ಅಂದು ಮುಚ್ಚಿರುತ್ತದೆ, ಆಮೇಲೆ ಭೇಟಿಯಾಗಲು ಬೇರೆ ಜಾಗ ಗೊತ್ತುಮಾಡಿಕೊಳ್ಳಿ. ಫೋನ್ ನಂಬಬೇಡಿ.

ವಾಪಸ್ ಟಿಕೆಟ್ ಸೋಮವಾರ ರಾತ್ರಿಗೆ ಮಾಡಿಸಬೇಡಿ. ಓಟದ ದಣಿವು, ನೀರು ಕಡಿಮೆಯಾದ ಮೈ, ಅದರ ಮೇಲೆ ಹತ್ತು ಹನ್ನೆರಡು ಗಂಟೆ ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಬುಧವಾರಕ್ಕೆ ಇಟ್ಟುಕೊಳ್ಳಿ. ಸೀಟು ನಡುದಾರಿಯ ಪಕ್ಕದ್ದೇ ಕೇಳಿ, ಗಂಟೆಗೊಮ್ಮೆ ಎದ್ದು ಓಡಾಡಲು ಯಾರನ್ನೂ ದಾಟುವ ಕಷ್ಟ ಇರುವುದಿಲ್ಲ.